ಸಾಫ್ಟ್‌ವೇರನ್ನು ಪರೀಕ್ಷೆಗೆ ಕೂರಿಸೋಣ

ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ವಿನ್ಯಾಸ, ವಾಸ್ತುಶಿಲ್ಪ, ಎಂಜಿನಿಯರಿಂಗ್ ಕಲಿಸುತ್ತಿರುವ ಕನ್ನಡದ ಅಧ್ಯಾಪಕ ಮಿತ್ರರಿಗೆ,



ಹೊಸ ಸೆಮಿಸ್ಟರ್ ಹತ್ತಿರ ಬರುತ್ತಿದ್ದ ಹಾಗೆ ನಮ್ಮೆಲ್ಲರ ವಿಭಾಗಗಳಲ್ಲೂ ಹೆಚ್ಚುಕಡಿಮೆ ಒಂದೇ ಬಗೆಯ ಸಭೆ ನಡೆಯುತ್ತದೆ. ಹೊಸ ಡಿಸೈನ್ ಸಾಫ್ಟ್‌ವೇರ್ ತರಿಸೋಣವೇ, ಎಷ್ಟು ಲೈಸೆನ್ಸ್ ಬೇಕು, ಲ್ಯಾಬಿನ ಹಳೇ ಕಂಪ್ಯೂಟರುಗಳು ಅದನ್ನು ಎಳೆಯುತ್ತವೆಯೇ, ತರಬೇತಿ ಯಾರು ಕೊಡುತ್ತಾರೆ, ಇಂಟರ್ನಲ್ಸ್‌ಗೆ ಎಷ್ಟು ಅಂಕ ಇಡಬೇಕು, ಇವಿಷ್ಟೂ ಚರ್ಚೆಯಾಗುತ್ತವೆ. ಈ ಸಾಫ್ಟ್‌ವೇರ್ ಎಲ್ಲಿ ಸರಿಯಾಗಿ ಹೇಳುತ್ತದೆ, ಎಲ್ಲಿ ತಪ್ಪು ಹೇಳುತ್ತದೆ ಎಂಬುದನ್ನು ನಮ್ಮ ಹುಡುಗರು ಹೇಗೆ ಕಂಡುಕೊಳ್ಳುತ್ತಾರೆ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಎತ್ತುವುದಿಲ್ಲ. ಆ ಪ್ರಶ್ನೆ ಎತ್ತುವುದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಮಾತು ಇಷ್ಟೇ. ಇನ್ನೂ ಪೂರ್ತಿ ಪಳಗದ, ಪ್ರಯೋಗದ ಹಂತದಲ್ಲಿರುವ ವಿನ್ಯಾಸ ಮತ್ತು ಮಾಡೆಲಿಂಗ್ ಸಾಫ್ಟ್‌ವೇರುಗಳನ್ನು ನಾವು ಧೈರ್ಯವಾಗಿ ತರಗತಿಗೆ ತರಬೇಕು. ತಂದಾಗ ವಿದ್ಯಾರ್ಥಿಗಳು ಅದನ್ನು ಪರೀಕ್ಷೆಗೆ ಕೂರಿಸಬೇಕು, ಫಲಿತಾಂಶವನ್ನು ಬರೆದು ಮುಂದಿನವರಿಗೆ ಬಿಟ್ಟುಹೋಗಬೇಕು. ಬರೆದಿಡುವುದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಎನ್ನುವುದಕ್ಕೆ ನಾವು ಬದುಕುತ್ತಿರುವ ಈ ಸೀಮೆಯಲ್ಲೇ ಎರಡು ಹಳೆಯ ಕಥೆಗಳಿವೆ.

ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ನಾವೆಲ್ಲ ಎನ್‌ಐಡಿ ಎನ್ನುವುದು, ಶುರುವಾದದ್ದು 1961ರಲ್ಲಿ. ಅದಕ್ಕೆ ಮೂರು ವರ್ಷ ಮೊದಲು ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಭಾರತ ಸರ್ಕಾರಕ್ಕೆ ಬರೆದುಕೊಟ್ಟ ವರದಿ ಅದರ ಬೀಜ. ಆ ವರದಿಯಲ್ಲಿ ನಮ್ಮ ಮನೆಗಳ ಲೋಟಾವನ್ನು, ಅಂದರೆ ಚೊಂಬನ್ನು, ಎತ್ತಿಕೊಂಡು ಅದರ ವಿನ್ಯಾಸವನ್ನು ಹೊಗಳಿದ ಭಾಗ ನಿಮಗೆಲ್ಲ ಗೊತ್ತೇ ಇದೆ. ಅಷ್ಟಾಗಿ ಗೊತ್ತಿಲ್ಲದ ಸಂಗತಿ ಇನ್ನೊಂದು. 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಇದೇ ಸಂಸ್ಥೆಗೆ ಬಂದು ಮೂಗ್ ಸಿಂಥಸೈಜರ್ ಇಟ್ಟುಕೊಂಡು ಒಂದು ಎಲೆಕ್ಟ್ರಾನಿಕ್ ಸಂಗೀತದ ಸ್ಟುಡಿಯೊ ಕಟ್ಟಿಕೊಟ್ಟರು. ಆ ಕಾಲಕ್ಕೆ ಅದು ಲೋಕದಲ್ಲೇ ಹೊಸ ಉಪಕರಣ. ತಂತಿಗಳನ್ನು ಒಂದು ಕಡೆಯಿಂದ ಕಿತ್ತು ಇನ್ನೊಂದು ಕಡೆ ಸಿಕ್ಕಿಸಿ ನಾದವನ್ನು ಹೊಸದಾಗಿ ಹುಟ್ಟಿಸಬೇಕು. ಗೀತಾ ಸಾರಾಭಾಯಿ, ಅತುಲ್ ದೇಸಾಯಿ, ಐ.ಎಸ್. ಮಾಥುರ್, ಎಸ್.ಸಿ. ಶರ್ಮಾ, ಜಿನರಾಜ್ ಜೋಶಿಪುರ ಮೊದಲಾದವರು ಅಲ್ಲಿ ಕೂತು ಪ್ರಯೋಗ ಮಾಡಿದರು, ಟೇಪುಗಳಲ್ಲಿ ಧ್ವನಿಮುದ್ರಿಸಿದರು. ಮೂರ್ನಾಲ್ಕು ವರ್ಷಗಳಲ್ಲಿ ಆ ಕೆಲಸ ನಿಂತಿತು. ಟೇಪುಗಳು ಸಂಸ್ಥೆಯ ಸಂಗ್ರಹದಲ್ಲಿ ದಶಕಗಳ ಕಾಲ ಬಿದ್ದಿದ್ದವು. ಬ್ರಿಟನ್ನಿನ ಕಲಾವಿದ ಪಾಲ್ ಪರ್ಗಸ್ ಅವುಗಳನ್ನು ಹುಡುಕಿ ತೆಗೆದರು. 2023ರಲ್ಲಿ ಆಲ್ಬಮ್ ಆಗಿ ಹೊರಬಂದಾಗ ನಮ್ಮಲ್ಲಿ ಎಷ್ಟೋ ಜನರಿಗೆ ಮೊದಲ ಸಲ ವಿಷಯ ತಿಳಿಯಿತು. ಐವತ್ತು ವರ್ಷ ಹಿಂದೆ ನಮ್ಮ ದೇಶದ ವಿನ್ಯಾಸ ಶಾಲೆಯೊಂದರಲ್ಲಿ ನಡೆದ ಅಪರೂಪದ ಪ್ರಯೋಗ, ನಡುವಿನ ತಲೆಮಾರುಗಳ ವಿದ್ಯಾರ್ಥಿಗಳಿಗೆ ಪಾಠವಾಗಿ ಒದಗಲೇ ಇಲ್ಲ. ನನಗೆ ಇದು ದೊಡ್ಡ ನಷ್ಟವಾಗಿ ಕಾಣುತ್ತದೆ.

ಅದೇ 1969ರಲ್ಲಿ ಇನ್ನೊಂದು ಪ್ರಯೋಗದ ಒಪ್ಪಂದಕ್ಕೆ ಸಹಿ ಬಿತ್ತು. ಅದರ ಹಿಂದೆ ಇದ್ದವರು ಅಹಮದಾಬಾದಿನ ವಿಕ್ರಂ ಸಾರಾಭಾಯಿ. ಉಪಗ್ರಹದ ಮೂಲಕ ಹಳ್ಳಿಗಳಿಗೆ ಟೆಲಿವಿಷನ್ ಪಾಠ ಕಳಿಸುವ ಆ ಯೋಜನೆಯ ಹೆಸರು ಸೈಟ್. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಅಮೆರಿಕದಿಂದ ಒಂದು ವರ್ಷಕ್ಕೆಂದು ಸಿಕ್ಕ ಎಟಿಎಸ್-6 ಉಪಗ್ರಹದ ಮೂಲಕ, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಕಾರ್ಯಕ್ರಮಗಳು ಹೋದವು. ಅವುಗಳಲ್ಲಿ ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಇದ್ದವು. ಅವರಿಗೆ ಕನ್ನಡದಲ್ಲೇ ಕಾರ್ಯಕ್ರಮ. ಆ ಭಾಗದಿಂದ ಇಲ್ಲಿಗೆ ಬಂದವರು ನಮ್ಮಲ್ಲೂ ಇದ್ದೀರಿ. ಊರಿನ ಶಾಲೆಯ ಮೇಲೆ ಜಾಲರಿಯ ದೊಡ್ಡ ಆಂಟೆನಾ ನಿಂತದ್ದನ್ನು ನಿಮ್ಮ ಹಿರಿಯರನ್ನು ಕೇಳಿ, ಹೇಳುತ್ತಾರೆ. ಸೈಟ್ ಒಂದು ವರ್ಷಕ್ಕೆ ಮುಗಿಯಿತು, ಉಪಗ್ರಹ ವಾಪಸು ಹೋಯಿತು. ಆದರೆ ಪ್ರಯೋಗದ ಮೊದಲು, ನಡುವೆ, ಕೊನೆಗೆ, ಹೀಗೆ ಮೂರು ಹಂತದಲ್ಲಿ ಜನರನ್ನು ಮಾತಾಡಿಸಿ ದಾಖಲಿಸಿದ್ದರು. ಸಂಶೋಧಕರು ಹಳ್ಳಿಗಳಲ್ಲೇ ಉಳಿದು, ಸೆಟ್ಟಿನ ಮುಂದೆ ಯಾರು ಕೂರುತ್ತಾರೆ, ಯಾರು ಎದ್ದು ಹೋಗುತ್ತಾರೆ ಎಂದು ಗಮನಿಸಿದರು. ಆ ದಾಖಲೆಗಳ ಆಧಾರದ ಮೇಲೆಯೇ ಉಪಗ್ರಹ ಟೆಲಿವಿಷನ್ನಿನ ಮುಂದಿನ ಕೆಲಸ ನಡೆಯಿತು. ಒಂದೇ ಊರಿನ, ಒಂದೇ ಕಾಲದ, ಸಾರಾಭಾಯಿ ಮನೆತನದ ನಂಟಿದ್ದ ಎರಡು ಪ್ರಯೋಗಗಳು. ಒಂದರ ದಾಖಲೆ ಕೆಲಸಕ್ಕೆ ಬಂತು, ಇನ್ನೊಂದರದ್ದು ಕಪಾಟಿನಲ್ಲಿ ಕೂತಿತು.

ಈಗ ನಮ್ಮ ಲ್ಯಾಬಿಗೆ ಬರೋಣ.

ಫ್ರೀಕ್ಯಾಡ್ ಎಂಬ ಮುಕ್ತ ಸಾಫ್ಟ್‌ವೇರ್ ನಿಮಗೆ ಗೊತ್ತು. 2002ರಲ್ಲಿ ಮೊದಲ ಆವೃತ್ತಿ ಬಂದದ್ದು, 1.0 ಎಂಬ ಸಂಖ್ಯೆ ಮುಟ್ಟಲು 2024ರ ನವೆಂಬರ್‌ವರೆಗೆ ಕಾಯಿತು. ಅಷ್ಟು ವರ್ಷ ಅದು ತನ್ನನ್ನು ತಾನೇ ಪೂರ್ಣವೆಂದು ಕರೆದುಕೊಳ್ಳಲಿಲ್ಲ. ಅದರ ಹಳೆಯ ಆವೃತ್ತಿಯೊಂದನ್ನು ಬೇಕೆಂದೇ ತರಗತಿಯಲ್ಲಿ ತೆರೆಯಿರಿ. ಗೋಡೆಗೆ ಶೆಲ್ಫ್ ನಿಲ್ಲಿಸುವ ಸಾಮಾನ್ಯ ಎಲ್-ಬ್ರಾಕೆಟ್ ಒಂದನ್ನು ಮೇಜಿನ ಮೇಲಿಟ್ಟು, ವರ್ನಿಯರ್‌ನಲ್ಲಿ ಅಳೆಸಿ, ಮಾಡೆಲ್ ಮಾಡಿಸಿ. ಮೊದಲು ಎಲ್ ಆಕಾರದ ಸ್ಕೆಚ್, ಅದಕ್ಕೆ ದಪ್ಪ, ಮೇಲಿನ ಮುಖದ ಮೇಲೆ ಎರಡು ತೂತು, ಒಳಮೂಲೆಯ ಅಂಚಿಗೆ ಒಂದು ಫಿಲೆಟ್, ಅಂದರೆ ದುಂಡನೆಯ ತಿರುವು. ಎಲ್ಲ ಸರಿಯಾಗಿ ಬರುತ್ತದೆ. ಆಮೇಲೆ ಹಿಂದಕ್ಕೆ ಹೋಗಿ ಮೊದಲ ಸ್ಕೆಚ್ಚಿನಲ್ಲಿ ಒಂದು ಸಣ್ಣ ಕಚ್ಚು ಹಾಕಲು ಹೇಳಿ. ಫಿಲೆಟ್ ಬೇರೆ ಯಾವುದೋ ಅಂಚಿಗೆ ಹಾರಬಹುದು, ತೂತು ಇನ್ನೊಂದು ಮುಖದಲ್ಲಿ ಕಾಣಿಸಿಕೊಳ್ಳಬಹುದು, ಅಥವಾ ಪಕ್ಕದ ಪಟ್ಟಿಯಲ್ಲಿ ಕೆಂಪು ಗುರುತು ಬಿದ್ದು ಇಡೀ ಮಾಡೆಲ್ ಮುರಿಯಬಹುದು.

ಹುಡುಗರು ಗಾಬರಿಯಾಗುತ್ತಾರೆ. ಪಾಠ ಶುರುವಾಗುವುದೇ ಅಲ್ಲಿ. ಸಾಫ್ಟ್‌ವೇರ್ ಒಳಗೆ ಪ್ರತಿ ಅಂಚಿಗೆ, ಪ್ರತಿ ಮುಖಕ್ಕೆ ಒಂದು ನಂಬರ್ ಇರುತ್ತದೆ. ಫಿಲೆಟ್ ಹಾಕಿದಾಗ ಅದು ನೆನಪಿಟ್ಟುಕೊಂಡದ್ದು ‘ಏಳನೇ ಅಂಚು’ ಎಂಬುದನ್ನು ಮಾತ್ರ, ‘ಎರಡು ತಗಡು ಸೇರುವ ಒಳಮೂಲೆ’ ಎಂಬುದನ್ನಲ್ಲ. ಕಚ್ಚು ಹಾಕಿದ ಕೂಡಲೇ ನಂಬರುಗಳು ಸರಿದವು, ಏಳನೆಯದು ಬೇರೆಯದಾಯಿತು. ಇಷ್ಟು ತಿಳಿದ ಹುಡುಗಿ ಮುಂದಿನ ಸಲ ತೂತಿನ ಸ್ಕೆಚ್ಚನ್ನು ಮುಖಕ್ಕೆ ಅಂಟಿಸದೆ ಮೂಲ ತಲಕ್ಕೆ ಕಟ್ಟುತ್ತಾಳೆ, ಫಿಲೆಟ್ಟುಗಳನ್ನು ಕೊನೆಗೆ ಇಟ್ಟುಕೊಳ್ಳುತ್ತಾಳೆ. ಈ ಶಿಸ್ತು ಲಕ್ಷಾಂತರ ರೂಪಾಯಿಯ ಸಾಫ್ಟ್‌ವೇರಿನಲ್ಲೂ ಅವಳಿಗೆ ಒದಗುತ್ತದೆ, ಯಾಕೆಂದರೆ ಸಮಸ್ಯೆಯ ಬೇರು ಎಲ್ಲ ಕಡೆ ಒಂದೇ. ದುಬಾರಿ ಸಾಫ್ಟ್‌ವೇರುಗಳಲ್ಲಿ ಅದನ್ನು ಚೆನ್ನಾಗಿ ಮುಚ್ಚಿಟ್ಟಿರುತ್ತಾರೆ, ಅಷ್ಟೇ. ಕೊನೆಗೆ ಅದೇ ಬ್ರಾಕೆಟ್ಟನ್ನು 1.0ರಲ್ಲಿ ಹೊಸದಾಗಿ ಕಟ್ಟಿ ನೋಡಲಿ. ಈ ದೋಷವನ್ನು ಆ ಆವೃತ್ತಿಯಲ್ಲಿ ಬಹುಮಟ್ಟಿಗೆ ಸರಿಪಡಿಸಿದ್ದಾರೆ. ಸರಿಯಾದ ಮಾಡೆಲನ್ನು ಮೊದಲ ಸಲಕ್ಕೇ ಪಡೆದ ವಿದ್ಯಾರ್ಥಿಗಿಂತ ಮುರಿದು ಕಾರಣ ಹುಡುಕಿದ ವಿದ್ಯಾರ್ಥಿ ಹೆಚ್ಚು ಕಲಿತಿರುತ್ತಾನೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ.

ವಾಸ್ತುಶಿಲ್ಪ ಕಲಿಸುವವರು ಅಹಮದಾಬಾದಿನಲ್ಲಿ ಇನ್ನೂ ಅದೃಷ್ಟವಂತರು. ಸೆಪ್ಟ್ ವಿಶ್ವವಿದ್ಯಾಲಯದ ಆವರಣದ ಪಕ್ಕದಲ್ಲೇ ‘ಅಮದಾವಾದ್ ನಿ ಗುಫಾ’ ಇದೆ. ಬಿ.ವಿ. ದೋಶಿ ಮತ್ತು ಎಂ.ಎಫ್. ಹುಸೇನ್ ಸೇರಿ ತೊಂಬತ್ತರ ದಶಕದ ಮೊದಲ ಅರ್ಧದಲ್ಲಿ ಕಟ್ಟಿದ್ದು. ಅಡ್ಡಾದಿಡ್ಡಿ ಉಬ್ಬುತಗ್ಗಿನ ಆ ಗುಮ್ಮಟಗಳು ನಿಲ್ಲುತ್ತವೆಯೇ ಎಂದು ತೀರ್ಮಾನಿಸಲು ಆಗ ಕಂಪ್ಯೂಟರ್ ನೆರವು ಪಡೆದರು. ಕಟ್ಟಿದವರು ಆದಿವಾಸಿ ಕೂಲಿಕಾರರು, ಕೈ ಉಪಕರಣಗಳಿಂದಲೇ, ಜಾಲರಿಯ ಮೇಲೆ ಗಾರೆ ಮೆತ್ತಿ ಒಂದಂಗುಲ ದಪ್ಪದ ಫೆರೋಸಿಮೆಂಟ್ ಚಿಪ್ಪು. ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದಾಗ ಒಳಗಿನ ಚಿತ್ರಗಳನ್ನಷ್ಟೇ ತೋರಿಸಿ ಬರಬೇಡಿ. ಆ ಗೋಡೆಯ ಒಂದು ತಿರುವನ್ನು ದಾರ, ತೂಗುಗುಂಡು, ಟೇಪು ಹಿಡಿದು ಅಳೆಯಲಿ. ವಾಪಸು ಬಂದು ಬ್ಲೆಂಡರ್‌ನಲ್ಲೋ ಗ್ರಾಸ್‌ಹಾಪರ್‌ನಲ್ಲೋ ಕಟ್ಟಲಿ. ಅಳತೆ, ಮಾಡೆಲ್ ಎರಡೂ ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ಬೆರಳಿಟ್ಟು ಕಾರಣ ಹೇಳಲಿ.

ಇದಕ್ಕಿಂತ ದೊಡ್ಡ ಪಾಠ ಸೆಪ್ಟ್‌ನ ಸಂಶೋಧಕರಿಂದಲೇ ಬಂದಿದೆ. ಕಟ್ಟಡದೊಳಗೆ ಸೆಕೆ ಎಷ್ಟಾಗುತ್ತದೆ, ಏಸಿ ಎಷ್ಟು ಹೊತ್ತು ಓಡಬೇಕು ಎಂದು ಮೊದಲೇ ಲೆಕ್ಕ ಹಾಕಿ ಹೇಳುವ ಸಿಮ್ಯುಲೇಷನ್ ಸಾಫ್ಟ್‌ವೇರುಗಳಿವೆ. ಮನುಷ್ಯನಿಗೆ ಎಷ್ಟು ಉಷ್ಣತೆ ಹಿತ ಎಂಬ ಲೆಕ್ಕ ಅವುಗಳಿಗೆ ಬಹುಪಾಲು ಬಂದದ್ದು ಅಮೆರಿಕ, ಯುರೋಪಿನ ಮಾನದಂಡಗಳಿಂದ. ಆ ಸಂಖ್ಯೆ ನಮ್ಮವರಿಗೂ ಸರಿಯೇ ಎಂದು ಇಲ್ಲಿನ ತಂಡ ಕೇಳಿತು. ಅಹಮದಾಬಾದ್, ಬೆಂಗಳೂರು, ಚೆನ್ನೈ, ದೆಹಲಿ, ಶಿಮ್ಲಾ, ಈ ಐದು ಊರುಗಳ 16 ಕಚೇರಿ ಕಟ್ಟಡಗಳಿಗೆ ಬೇರೆ ಬೇರೆ ಋತುಗಳಲ್ಲಿ ಹೋಗಿ, ಕೆಲಸ ಮಾಡುತ್ತಿದ್ದವರನ್ನು ಕೇಳಿ, 6330 ಉತ್ತರಗಳನ್ನು ಕಲೆಹಾಕಿತು. ಆ ಹಳೆಯ ಮಾಡೆಲುಗಳು ಊಹಿಸಿದ್ದಕ್ಕಿಂತ ನಮ್ಮ ಜನ ಹೆಚ್ಚು ಸೆಕೆಗೆ ಹೊಂದಿಕೊಳ್ಳುತ್ತಾರೆ ಎಂದು ಕಂಡುಬಂತು. ಹೀಗೆ ಹುಟ್ಟಿದ ಭಾರತೀಯ ಮಾಡೆಲ್ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯೊಳಗೆ ಸೇರಿತು. ನಿಮ್ಮ ಲ್ಯಾಬಿನಲ್ಲಿ ಒಂದೇ ಕೋಣೆಯನ್ನು, ಗೋಡೆ ಕಿಟಕಿ ಏನೂ ಬದಲಿಸದೆ, ಎರಡು ಮಾನದಂಡಗಳಲ್ಲಿ ಓಡಿಸಿ ನೋಡಿ. ‘ಅಹಿತಕರ ಗಂಟೆಗಳು’ ಎಂದು ಬರುವ ಅಂಕಿ ಬದಲಾಗುತ್ತದೆ. 2010ರ ಮೇ ತಿಂಗಳಲ್ಲಿ 46.8 ಡಿಗ್ರಿ ಕಂಡ ಊರಿನಲ್ಲಿ ಈ ಅಂಕಿಯ ಮೇಲೆ ಜನರ ಪ್ರಾಣ, ಕರೆಂಟ್ ಬಿಲ್ ಎರಡೂ ನಿಂತಿವೆ. ಡೀಫಾಲ್ಟ್ ಸಂಖ್ಯೆಯನ್ನು ಮುಟ್ಟದೆ ಬಟನ್ ಒತ್ತಿದ ವಿದ್ಯಾರ್ಥಿಗೆ ಇದ್ಯಾವುದೂ ತಿಳಿಯುವುದಿಲ್ಲ.

ವಡೋದರಾದ ಕೆಮಿಕಲ್ ಎಂಜಿನಿಯರಿಂಗ್ ಮಿತ್ರರೇ, ನೀವು ಇದು ನಮ್ಮ ವಿಷಯವಲ್ಲ ಎಂದು ಪುಟ ತಿರುಗಿಸಬೇಡಿ. ಕೋಯಲಿ ರಿಫೈನರಿ 1965ರಿಂದ ನಿಮ್ಮ ಪಕ್ಕದಲ್ಲಿದೆ. ಸುತ್ತ ಗೊಬ್ಬರದ, ಪೆಟ್ರೋಕೆಮಿಕಲ್ಲಿನ ಕಾರ್ಖಾನೆಗಳಿವೆ. ಡಿಡಬ್ಲ್ಯುಸಿಮ್ ಎಂಬ ಮುಕ್ತ ಸಿಮ್ಯುಲೇಟರಿನಲ್ಲಿ ಮದ್ಯಸಾರ ಮತ್ತು ನೀರನ್ನು ಬೇರ್ಪಡಿಸುವ ಡಿಸ್ಟಿಲೇಷನ್ ಕಾಲಮ್ ಒಂದನ್ನು ಕಟ್ಟಿಸಿ. ಲೆಕ್ಕದ ವಿಧಾನ ಆರಿಸುವಲ್ಲಿ ರೌಲ್ಟ್ ನಿಯಮ ಎಂದು ಒತ್ತಿದರೆ, ತಟ್ಟೆಗಳ ಸಂಖ್ಯೆ ಹೆಚ್ಚಿಸುತ್ತಾ ಹೋದ ಹಾಗೆ ಪರದೆಯ ಮೇಲೆ ಮದ್ಯಸಾರದ ಶುದ್ಧತೆ ನೂರರ ಹತ್ತಿರ ಏರುತ್ತದೆ. ಎಲ್ಲೂ ಎಚ್ಚರಿಕೆಯ ಗಂಟೆ ಹೊಡೆಯುವುದಿಲ್ಲ. ನಿಜವಾದ ಕಾಲಮ್ಮಿನಲ್ಲಿ, ಸಾಧಾರಣ ಒತ್ತಡದಲ್ಲಿ, ತೂಕದ ಲೆಕ್ಕದಲ್ಲಿ ಶೇ. 95.6ರ ಆಸುಪಾಸಿಗೆ ಬಂದು ಅದು ನಿಂತೇ ನಿಲ್ಲುತ್ತದೆ, ಎಷ್ಟು ತಟ್ಟೆ ಸೇರಿಸಿದರೂ ಮುಂದಕ್ಕೆ ಹೋಗದು. ಎನ್‌ಆರ್‌ಟಿಎಲ್ ಎಂಬ ಇನ್ನೊಂದು ವಿಧಾನ ಆರಿಸಿದರೆ ಸಾಫ್ಟ್‌ವೇರೂ ಆ ಗೋಡೆಯನ್ನು ತೋರಿಸುತ್ತದೆ. ಎರಡು ಮೆನು ಸಾಲುಗಳ ನಡುವಿನ ವ್ಯತ್ಯಾಸ ಇಷ್ಟು. ಇದನ್ನು ಒಮ್ಮೆ ಕಣ್ಣಾರೆ ಕಂಡ ಹುಡುಗ ಮುಂದೆ ಕಾರ್ಖಾನೆಯ ಕಂಟ್ರೋಲ್ ರೂಮಿನಲ್ಲಿ ಕೂತಾಗ ಪರದೆ ಹೇಳಿದ್ದನ್ನೆಲ್ಲ ನಂಬುವುದಿಲ್ಲ.

ಮುಂಬಯಿಯ ಐಐಟಿಯ ಫೋಸಿ ಯೋಜನೆ ಇದೇ ಸಿಮ್ಯುಲೇಟರನ್ನು ಇಟ್ಟುಕೊಂಡು ಬಹಳ ಒಳ್ಳೆಯ ಕೆಲಸ ಮಾಡುತ್ತಿದೆ. ವಿದ್ಯಾರ್ಥಿ ಒಂದು ರಾಸಾಯನಿಕ ಪ್ರಕ್ರಿಯೆಯನ್ನು ಆರಿಸಿಕೊಂಡು ಅದರ ಫ್ಲೋಶೀಟ್ ಕಟ್ಟುತ್ತಾನೆ, ಬಲ್ಲವರು ಪರಿಶೀಲಿಸುತ್ತಾರೆ, ಸರಿಯಿದ್ದರೆ ಅದು ಎಲ್ಲರಿಗೂ ಸಿಗುವ ಹಾಗೆ ಪ್ರಕಟವಾಗುತ್ತದೆ. ವಿದ್ಯಾರ್ಥಿಗೆ ಗೌರವಧನ, ಪ್ರಮಾಣಪತ್ರ ಸಿಗುತ್ತವೆ. ನಮ್ಮ ಅಸೈನ್‌ಮೆಂಟುಗಳು ಸೆಮಿಸ್ಟರ್ ಕೊನೆಗೆ ರದ್ದಿಗೆ ಹೋಗುತ್ತವೆ. ಅಲ್ಲಿ ಅದೇ ಶ್ರಮ ಮುಂದಿನವರ ಪಠ್ಯವಾಗುತ್ತದೆ.

ಭಾಷೆಯ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. 1890ರಲ್ಲಿ ಮೂರನೆಯ ಸಯಾಜಿರಾವ್ ಗಾಯಕವಾಡರು ವಡೋದರಾದಲ್ಲಿ ಕಲಾಭವನ ತೆರೆದರು. ಅದನ್ನು ಕಟ್ಟಿದವರು ಸೂರತ್ತಿನ ಟಿ.ಕೆ. ಗಜ್ಜರ್, ರಸಾಯನಶಾಸ್ತ್ರದ ಪ್ರಾಧ್ಯಾಪಕರು. ಕೈಕಸುಬಿನವರ ಮಕ್ಕಳಿಗೆ ತಾಂತ್ರಿಕ ವಿದ್ಯೆ ಅವರ ನುಡಿಯಲ್ಲೇ ಸಿಗಬೇಕೆಂದು ಹಟ ಹಿಡಿದು ಗುಜರಾತಿಯಲ್ಲಿ ಪಾಠ ನಡೆಸಿದರು, ಪುಸ್ತಕ ಬರೆಸಿದರು. ದಾದಾಸಾಹೇಬ್ ಫಾಲ್ಕೆ ಕಲಿತದ್ದು ಅಲ್ಲಿ. ಇಂದಿಗೂ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ವಿಭಾಗ ಇರುವುದು ಕಲಾಭವನದ ಆವರಣದಲ್ಲೇ. ಈಗ ಎಐಸಿಟಿಇ ಮೊದಲ ವರ್ಷದ ಎಂಜಿನಿಯರಿಂಗ್ ಪುಸ್ತಕಗಳನ್ನು ಕನ್ನಡ, ಗುಜರಾತಿ ಎರಡಕ್ಕೂ ತಂದಿದೆ. ಐಐಟಿಯ ಸ್ಪೋಕನ್ ಟ್ಯುಟೋರಿಯಲ್‌ಗಳು ಕನ್ನಡದಲ್ಲೂ ಇವೆ. ಹಾವೇರಿಯಿಂದಲೋ ಕೊಪ್ಪಳದಿಂದಲೋ ಸೂರತ್ತಿನ ಎನ್‌ಐಟಿಗೆ ಬಂದ ಹುಡುಗ ತನ್ನ ಮಾಡೆಲ್ ಯಾಕೆ ಮುರಿಯಿತು ಎಂದು ಮೊದಲು ಕನ್ನಡದಲ್ಲಿ ಬರೆಯಲಿ. ಇಂಗ್ಲಿಷ್ ವರದಿ ಆಮೇಲೆ ಬರೆದರಾಯಿತು. ಕಾರಣ ಸ್ಪಷ್ಟವಾದ ಮೇಲೆ ಯಾವ ಭಾಷೆಯೂ ಕಷ್ಟವಾಗದು.

ಸೂರತ್ತಿನ ಮಾತು ಬಂತು. ವರಾಛಾ, ಕತಾರ್‌ಗಾಮಿನ ವಜ್ರದ ಕಾರ್ಖಾನೆಗಳಲ್ಲಿ ಒರಟು ಕಲ್ಲನ್ನು ಸ್ಕ್ಯಾನ್ ಮಾಡಿ, ಒಳಗಿನ ಕಲೆ ಬಿರುಕುಗಳನ್ನು ಗುರುತಿಸಿ, ಎಲ್ಲಿ ಸೀಳಿದರೆ ಲಾಭ ಎಂದು ಕಂಪ್ಯೂಟರ್ ಹಲವು ದಾರಿ ತೋರಿಸುತ್ತದೆ. ಸಾಮಾನ್ಯವಾಗಿ ಕಲ್ಲಿನ ಅರ್ಧದಷ್ಟೋ ಅದಕ್ಕಿಂತ ಹೆಚ್ಚೋ ತೂಕ ಪುಡಿಯಾಗಿ ಹೋಗುವ ಕಸುಬು ಅದು, ಒಮ್ಮೆ ಸೀಳಿದರೆ ಹಿಂದಕ್ಕೆ ಹೋಗುವಂತಿಲ್ಲ. ಆ ದಾರಿಗಳಲ್ಲಿ ಒಂದನ್ನು ಆರಿಸುವುದು ಮಾತ್ರ ಇಂದಿಗೂ ಅನುಭವಸ್ಥ ಮನುಷ್ಯನೇ. ಮಾಡೆಲಿಂಗ್ ಸಾಫ್ಟ್‌ವೇರಿನ ಮಾತನ್ನು ಎಷ್ಟು ಕೇಳಬೇಕು, ಎಲ್ಲಿ ಬಿಡಬೇಕು ಎಂದು ತಿಳಿದವರು ನಿಮ್ಮ ಕಾಲೇಜಿನ ಗೇಟಿನಿಂದ ಕೆಲವೇ ಮೈಲಿ ದೂರದಲ್ಲಿದ್ದಾರೆ. ಅವರಲ್ಲಿ ಒಬ್ಬರನ್ನು ತರಗತಿಗೆ ಕರೆಸಿ, ಸಂಭಾವನೆ ಕೊಟ್ಟು ಕರೆಸಿ.

ನಿಮ್ಮಲ್ಲಿ ಕೆಲವರ ಆಕ್ಷೇಪ ನನಗೆ ಗೊತ್ತು. ಕಂಪನಿಗಳು ಕ್ಯಾಂಪಸ್ಸಿಗೆ ಬಂದಾಗ ಇಂತಿಂಥ ಹೆಸರಿನ ಸಾಫ್ಟ್‌ವೇರ್ ಬರುತ್ತದೆಯೇ ಎಂದೇ ಕೇಳುತ್ತವೆ, ಪ್ರಯೋಗ ಮಾಡಿಸುತ್ತ ಕೂತರೆ ಹುಡುಗರ ಕೆಲಸಕ್ಕೆ ಕುತ್ತು. ಈ ಆತಂಕ ನ್ಯಾಯವಾದದ್ದು, ಸಾಲ ಮಾಡಿ ಮಕ್ಕಳನ್ನು ಓದಿಸುವ ತಂದೆತಾಯಿಗಳ ಮುಂದೆ ನಾವು ಹಗುರವಾಗಿ ಮಾತಾಡುವ ಹಾಗಿಲ್ಲ. ಹಾಗಾಗಿ ಉದ್ಯಮದ ಸಾಫ್ಟ್‌ವೇರನ್ನು ಕೈಬಿಡಿ ಎಂದು ನಾನು ಹೇಳುತ್ತಿಲ್ಲ. ಅದರ ಜೊತೆಗೇ ಎರಡು ವಿಷಯ ನೆನಪಿರಲಿ. ವಿದ್ಯಾರ್ಥಿಗೆ ಉಚಿತವಾಗಿ ಸಿಗುವ ಶೈಕ್ಷಣಿಕ ಲೈಸೆನ್ಸ್ ಓದಿನ ಜೊತೆಗೇ ಮುಗಿಯುತ್ತದೆ. ಸ್ವಂತ ಕೈಯಿಂದ ಮಾಡಿದ ಫೈಲು ತೆರೆಯುವುದಕ್ಕೂ ಆಮೇಲೆ ದುಡ್ಡು ಕಟ್ಟಬೇಕಾಗಬಹುದು. ಅದಕ್ಕೇ ಪ್ರತಿ ಮಾಡೆಲನ್ನೂ ಸ್ಟೆಪ್ ಎಂಬ ಸಾಮಾನ್ಯ ಫಾರ್ಮ್ಯಾಟಿನಲ್ಲಿ ಒಂದು ಪ್ರತಿ ಇಟ್ಟುಕೊಳ್ಳುವುದನ್ನು ಮೊದಲ ದಿನವೇ ಕಲಿಸಿ. ಇನ್ನೊಂದು, ಇವತ್ತು ಮಕ್ಕಳಾಟದಂತೆ ಕಾಣುವ ಸಾಫ್ಟ್‌ವೇರ್ ನಾಳೆ ಕಸುಬಿನದಾಗಬಹುದು. ಬ್ಲೆಂಡರ್ ತಯಾರಿಸುತ್ತಿದ್ದ ಕಂಪನಿ 2002ರಲ್ಲಿ ಮುಚ್ಚಿತು. ಬಳಕೆದಾರರು ಏಳು ವಾರಗಳಲ್ಲಿ ಒಂದು ಲಕ್ಷ ಯುರೋ ಕೂಡಿಸಿ ಅದನ್ನು ಬಿಡಿಸಿಕೊಂಡರು. ಅದರಲ್ಲೇ ತಯಾರಾದ ಲಾಟ್ವಿಯಾದ ‘ಫ್ಲೋ’ ಚಿತ್ರ 2025ರಲ್ಲಿ ಆಸ್ಕರ್ ಪಡೆಯಿತು.

ಮಾತಿನಲ್ಲಿ ಹೇಳಿದರೆ ಸಾಕು, ಮಾಡೆಲ್ ಮಾಡಿಕೊಡುತ್ತೇನೆ ಎನ್ನುವ ಕೃತಕ ಬುದ್ಧಿಮತ್ತೆಯ ಸಾಧನಗಳೂ ಈಗ ಬಂದಿವೆ. ಅವನ್ನು ನಿಷೇಧಿಸುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಅದೇ ಎಲ್-ಬ್ರಾಕೆಟ್ ಕೇಳಿ ಪಡೆಯಲಿ, ವರ್ನಿಯರ್ ಅಳತೆಯೊಂದಿಗೆ ಹೋಲಿಸಲಿ, ಒಂದು ತೂತಿನ ವ್ಯಾಸವನ್ನು ಅರ್ಧ ಮಿಲಿಮೀಟರ್ ಬದಲಿಸಲು ನೋಡಲಿ. ಕೈಯಲ್ಲಿ ಬಂದದ್ದು ತಿದ್ದಬಹುದಾದ ವಿನ್ಯಾಸವೋ ಬರೀ ಆಕಾರವೋ ಎಂದು ಅವರಿಗೇ ತಿಳಿಯುತ್ತದೆ.

ಕೊನೆಗೆ ನನ್ನ ಕೋರಿಕೆ. ಈ ಸೆಮಿಸ್ಟರಿನಲ್ಲಿ ಒಂದೇ ಒಂದು ಅಸೈನ್‌ಮೆಂಟನ್ನು ಇದಕ್ಕೆ ಬಿಟ್ಟುಕೊಡಿ. ಫಲಿತಾಂಶಕ್ಕೆ ಅಂಕ ಇಡಬೇಡಿ, ವರದಿಗೆ ಇಡಿ. ಕೈಯಲ್ಲಿ ಹಿಡಿದು ಅಳೆಯಬಹುದಾದ ವಸ್ತುವಿನಿಂದ ಶುರು ಮಾಡಿಸಿ. ಯಾವ ಸಾಫ್ಟ್‌ವೇರ್, ಯಾವ ಆವೃತ್ತಿ, ಏನು ಕೊಟ್ಟೆವು, ಏನು ಬಂತು, ಕೈಲೆಕ್ಕದಲ್ಲಿ ಎಷ್ಟು ಬಂತು, ಎಲ್ಲಿ ಹೊಂದಲಿಲ್ಲ, ಇಷ್ಟು ಎರಡು ಪುಟದಲ್ಲಿರಲಿ. ಸಾಫ್ಟ್‌ವೇರಿನದೇ ದೋಷ ಎಂದು ಖಾತ್ರಿಯಾದರೆ ಅದನ್ನು ತಯಾರಿಸಿದವರಿಗೆ ವಿದ್ಯಾರ್ಥಿಯ ಹೆಸರಿನಲ್ಲೇ ಬರೆದು ತಿಳಿಸಿ. ಗುಜರಾತಿ ಹುಡುಗರು ಗುಜರಾತಿಯಲ್ಲಿ ಬರೆಯಲಿ, ನಮ್ಮವರು ಕನ್ನಡದಲ್ಲಿ ಬರೆಯಲಿ. ದೀಪಾವಳಿ ರಜೆಗೆ ಊರಿಗೆ ಹೋಗುವವರು ಒಂದು ಪ್ರತಿಯನ್ನು ತಾವು ಓದಿದ ಹೈಸ್ಕೂಲಿನ ವಿಜ್ಞಾನ ಮೇಷ್ಟ್ರಿಗೂ ಕೊಟ್ಟು ಬರಲಿ. ಎಷ್ಟೋ ಶಾಲೆಗಳ ಅಟಲ್ ಟಿಂಕರಿಂಗ್ ಲ್ಯಾಬುಗಳಲ್ಲಿ ತ್ರೀಡಿ ಪ್ರಿಂಟರ್ ಇದೆ, ಹೇಳಿಕೊಡುವವರು ಬೇಕಾಗಿದ್ದಾರೆ.

ರಾಜ್ಯೋತ್ಸವಕ್ಕೆ ಮೂರೂ ಊರುಗಳಲ್ಲಿ ನಾವು ಹೇಗೂ ಸೇರುತ್ತೇವೆ. ಹಾಡು, ನೃತ್ಯ, ಊಟ ಎಲ್ಲ ಇರಲಿ. ಅದರ ನಡುವೆ ಒಂದು ಗಂಟೆ ಈ ವರದಿಗಳಿಗೆ ಕೊಡಿ. ವರದಿ ಬರೆದ ವಿದ್ಯಾರ್ಥಿಗಳನ್ನೂ ಜೊತೆಗೆ ಕರೆತನ್ನಿ, ಅವರೇ ವೇದಿಕೆ ಮೇಲೆ ನಿಂತು ಓದಲಿ.

ಇಂತಿ ನಿಮ್ಮ,
ವಡೋದರಾದ ಒಬ್ಬ ಡ್ರಾಯಿಂಗ್ ಮೇಷ್ಟ್ರು